ಮೂಳೆ ಬಾಯಿಪಾಠ ಬಿಡಿ, ಮೊದಲು ನಿಮ್ಮ ಕೈ ಮುಟ್ಟಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮೂಳೆ, ಕೀಲುಗಳ ಮೇಲೇ. ಒಂದು ಕಡೆ ಪರೀಕ್ಷೆ ಹತ್ತಿರ ಬಂದಿದೆ, ಇನ್ನೊಂದು ಕಡೆ ತೋಟದಲ್ಲಿ ಮೆಣಸು ಕುಯ್ಲು. ಎರಡರಲ್ಲೂ ಮೂಳೆಗೇ ಕಷ್ಟ.

ಪ್ರಶ್ನೆ: ಮೇಡಂ, ನಾನು ನರ್ಸಿಂಗ್ ಮೊದಲ ವರ್ಷ. 206 ಮೂಳೆಗಳ ಪಟ್ಟಿ ಬಾಯಿಪಾಠ ಮಾಡಿ ಸಾಕಾಗಿದೆ, ಬೆಳಿಗ್ಗೆ ಎದ್ದರೆ ಮರೆತಿರುತ್ತದೆ. ಹುಟ್ಟಿದ ಮಗುವಿಗೆ ಇನ್ನೂ ಜಾಸ್ತಿ ಮೂಳೆ ಅಂತ ಬೇರೆ ಓದಿದೆ, ಅವೆಲ್ಲ ಎಲ್ಲಿಗೆ ಹೋಗುತ್ತವೆ? ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೂಳೆ ಕೈಗಿಟ್ಟು ಬಲದ್ದೋ ಎಡದ್ದೋ ಅಂದರೆ ಏನು ಮಾಡಲಿ? (ವಿರಾಜಪೇಟೆ)

ಪಟ್ಟಿ ಮುಚ್ಚಿಡಿ. ಕನ್ನಡಿ ಮುಂದೆ ನಿಂತು ಕೊರಳ ಬುಡದಿಂದ ಶುರು ಮಾಡಿ.

ಕಾಲರ್ ಬೋನ್ ಒಂದು, ಬೆನ್ನ ಹಿಂದಿನ ಹೆಗಲ ಮೂಳೆ ಒಂದು, ತೋಳಿಗೆ ಒಂದು, ಮುಂಗೈಗೆ ಎರಡು, ಮಣಿಕಟ್ಟಿಗೆ 8, ಅಂಗೈಗೆ 5, ಬೆರಳುಗಳಿಗೆ 14. ಒಟ್ಟು 32. ಈಗ ಕಾಲಿಗೆ ಬನ್ನಿ. ಲೆಕ್ಕ ಹೆಚ್ಚು ಕಡಿಮೆ ಅದೇ, ಆದರೆ ಹೆಗಲಲ್ಲಿ ಎರಡಿದ್ದ ಜಾಗಕ್ಕೆ ಸೊಂಟದಲ್ಲಿ ಒಂದೇ, ಮಣಿಕಟ್ಟಿನ 8ರ ಬದಲು ಪಾದದ ಹಿಂಭಾಗಕ್ಕೆ 7, ಅದರ ಮೇಲೆ ಕೈಗಿಲ್ಲದ ಮಂಡಿಚಿಪ್ಪು ಒಂದು ಹೆಚ್ಚಿಗೆ. ಹಾಗಾಗಿ 31. ಎರಡು ಕೈ ಎರಡು ಕಾಲು ಸೇರಿದರೆ 126 ಆಯಿತು. ಉಳಿದ 80 ತಲೆ, ಬೆನ್ನು, ಎದೆಗೂಡಿನವು. ತಲೆಬುರುಡೆ 22, ಎರಡೂ ಕಿವಿಯೊಳಗೆ ಸೇರಿ 6, ನಾಲಿಗೆ ಬುಡದಲ್ಲಿ 1, ಬೆನ್ನಿನ ಸಾಲು 26, ಪಕ್ಕೆಲುಬು 24, ಎದೆಮೂಳೆ 1. ಹೀಗೆ ಮೈ ಮೇಲೆ ಎಣಿಸಿದ್ದು ಬೆಳಿಗ್ಗೆಗೂ ಇರುತ್ತದೆ, ಯಾಕೆಂದರೆ ಪುಸ್ತಕ ಮನೆಯಲ್ಲಿ ಮರೆತು ಬಂದರೂ ಕೈಕಾಲು ಮರೆತು ಬರುವುದಿಲ್ಲ ಅಲ್ವಾ.

ಇನ್ನು ಮಗುವಿನ ಮೂಳೆ. ಎಲ್ಲಿಗೂ ಹೋಗುವುದಿಲ್ಲ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಿಮ್ಮ ಸೊಂಟದ ಒಂದೊಂದು ಬದಿಯ ಮೂಳೆಯೂ ಚಿಕ್ಕಂದಿನಲ್ಲಿ ಮೂರು ತುಂಡು, ಹದಿಹರೆಯದಲ್ಲಿ ಬೆಸೆದು ಒಂದಾಗಿದೆ. ಬೆನ್ನಿನ ತಳದ ಸೇಕ್ರಮ್ ಐದು ಸೇರಿ ಆದದ್ದು. ಮಗುವಿಗೆ ಎಣ್ಣೆ ಹಚ್ಚುವಾಗ ನೆತ್ತಿಯಲ್ಲಿ ಮೆತ್ತಗೆ ಮಿಡಿಯುವ ಜಾಗ ಸಿಗುತ್ತದಲ್ಲ, ಅಲ್ಲಿ ತಲೆಬುರುಡೆಯ ಮೂಳೆಗಳು ಇನ್ನೂ ಸೇರಿಲ್ಲ ಅಷ್ಟೇ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚುತ್ತದೆ. ಎಲ್ಲಕ್ಕಿಂತ ತಡ ಕಾಲರ್ ಬೋನಿನದು. ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಮೂಳೆಯಾಗಲು ಶುರು ಮಾಡುವುದೂ ಅದೇ, ಅದರ ಎದೆ ಕಡೆಯ ತುದಿ ಪೂರ್ತಿ ಬೆಸೆಯಲು ಸುಮಾರು 25 ವರ್ಷ ಬೇಕು.

ಬಲ ಎಡದ ವಿಷಯಕ್ಕೆ ಬಂದರೆ, ಮೂರು ಗುರುತು ಸಿಕ್ಕಿದರೆ ಸಾಕು. ಮೇಲೆ ಯಾವುದು, ಹಿಂದೆ ಯಾವುದು, ಮೈಯ ನಡುಗೆರೆಯ ಕಡೆ ಯಾವುದು. ತೊಡೆಯ ಫೀಮರ್ ತೆಗೆದುಕೊಳ್ಳಿ. ಗುಂಡನೆಯ ತಲೆ ಮೇಲಕ್ಕೆ, ಒಳಮುಖಕ್ಕೆ. ಕಂಬದ ಉದ್ದಕ್ಕೂ ಬೆರಳಾಡಿಸಿದರೆ ಮುಂದೆ ನುಣುಪು, ಹಿಂದೆ ಒರಟು ಏಣು. ಏಣನ್ನು ಹಿಂದಕ್ಕೆ ಮಾಡಿ ನಿಮ್ಮ ತೊಡೆಯ ಮುಂದೆಯೇ ಹಿಡಿದುಕೊಳ್ಳಿ, ತಲೆ ಯಾವ ಕಾಲಿಗೆ ಇಟ್ಟಾಗ ಒಳಗೆ ನೋಡುತ್ತದೋ ಆ ಕಾಲಿನದು. ವೈವಾದಲ್ಲಿ ಮೂಳೆಯನ್ನು ಮೈಗೆ ಹಿಡಿದು ನೋಡಿದರೆ ಯಾರೂ ಬೈಯುವುದಿಲ್ಲ, ನಾನಂತೂ ಖುಷಿಪಡುತ್ತೇನೆ. ಸುಮ್ನೆ ಊಹಿಸಿ ಹೇಳುವವರ ಮೇಲೆಯೇ ನನಗೆ ಸಿಟ್ಟು. ಮೊಬೈಲಿನ ತ್ರೀಡಿ ಆ್ಯಪ್‌ಗಳು ಚೆನ್ನಾಗಿವೆ, ಬೇಡ ಅನ್ನುವುದಿಲ್ಲ. ಆದರೆ ಆ ಒರಟು ಏಣು ಗಾಜಿನ ಮೇಲೆ ಬೆರಳಿಗೆ ಸಿಗುವುದಿಲ್ಲ. ಅಸಲಿ ಬೋನ್ ಸೆಟ್ ಸಿಗದಿದ್ದರೆ ಫೈಬರ್‌ನದೂ ನಡೆಯುತ್ತದೆ.

ಪ್ರಶ್ನೆ: ನಾನು ಪಿಯುಸಿ. ಮೊಣಕೈ ಬಾಗಿಲ ತಿರುಗಣಿ ಥರದ ಕೀಲು, ಮಡಚುವುದು ಬಿಡಿಸುವುದು ಮಾತ್ರ ಅಂತ ಪಾಠದಲ್ಲಿದೆ. ಮತ್ತೆ ಅಂಗೈ ಮೇಲೆ ಕೆಳಗೆ ತಿರುಗುವುದು ಹೇಗೆ? (ಸೋಮವಾರಪೇಟೆ)

ಒಳ್ಳೆ ಪ್ರಶ್ನೆ, ಕ್ಲಾಸಲ್ಲಿ ಜಾಸ್ತಿ ಜನ ಕೇಳುವುದಿಲ್ಲ. ಮೊಣಕೈ ಒಂದು ಕೀಲಲ್ಲ. ಒಂದೇ ಚೀಲದೊಳಗೆ ಬೇರೆ ಬೇರೆ ಕೆಲಸದ ಕೀಲುಗಳಿವೆ. ಕಿರುಬೆರಳ ಕಡೆಯ ಅಲ್ನಾ ತೋಳಿನ ಮೂಳೆಯನ್ನು ಕಚ್ಚಿ ಹಿಡಿದಿರುತ್ತದೆ, ನಿಮ್ಮ ಪಾಠದ ತಿರುಗಣಿ ಅದು. ಹೆಬ್ಬೆರಳ ಕಡೆಯ ರೇಡಿಯಸ್‌ನ ಕಥೆಯೇ ಬೇರೆ.

ಈಗಲೇ ಮಾಡಿ. ಎಡ ಮೊಣಕೈ ಮಡಚಿ. ಹೊರಬದಿಯಲ್ಲಿ ಉಬ್ಬಿದ ಮೂಳೆ ಸಿಗುತ್ತದೆ. ಅದರಿಂದ ಒಂದು ಬೆರಳಗಲ ಮುಂಗೈ ಕಡೆ ಸರಿದರೆ ಸಣ್ಣ ಗುಳಿ. ಅಲ್ಲಿ ಬಲಗೈ ಬೆರಳು ಒತ್ತಿಟ್ಟುಕೊಂಡು ಎಡ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ. ಬೆರಳ ಕೆಳಗೆ ಏನೋ ಗುಂಡಗೆ ಉರುಳುತ್ತದಲ್ಲ, ಅದು ರೇಡಿಯಸ್‌ನ ತಲೆ. ಲಿಗಮೆಂಟಿನ, ಅಂದರೆ ಮೂಳೆಗೆ ಮೂಳೆ ಕಟ್ಟುವ ಗಟ್ಟಿ ಪಟ್ಟಿಯ, ಒಂದು ಬಳೆಯೊಳಗೆ ಅದು ಇದ್ದಲ್ಲೇ ತಿರುಗುತ್ತದೆ. ಅದರ ಕೆಳತುದಿ ಅಲ್ನಾವನ್ನು ಸುತ್ತಿ ಆಚೆ ಹೋಗುತ್ತದೆ, ಅಂಗೈ ಕೆಳಗಾದಾಗ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಬಿದ್ದಿರುತ್ತವೆ. ಅಂಗೈ ಮೇಲಾದರೆ ಮತ್ತೆ ಪಕ್ಕಪಕ್ಕ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದನ್ನೂ ಕೇಳಿ. ಐದರೊಳಗಿನವರಲ್ಲಿ ಆ ಬಳೆ ಇನ್ನೂ ಸಡಿಲ. ನಮ್ಮೂರಿನ ಮೆಟ್ಟಿಲು, ಏರು ಹತ್ತಿಸುವಾಗ ಒಂದೇ ಕೈ ಹಿಡಿದು ಮೇಲಕ್ಕೆ ಜಗ್ಗಿದರೆ ರೇಡಿಯಸ್ ಬಳೆಯಿಂದ ಜಾರುತ್ತದೆ. ಮಗು ಅಳುತ್ತಾ ಕೈ ಇಳಿಬಿಟ್ಟುಕೊಂಡೇ ಇರುತ್ತದೆ, ಎತ್ತುವುದಿಲ್ಲ. ಡಾಕ್ಟರು ಕ್ಷಣದಲ್ಲಿ ಕೂರಿಸಿ ಕೊಡುತ್ತಾರೆ, ನೀವು ತಿರುಚಲು ಹೋಗಬೇಡಿ. ಎತ್ತುವುದಾದರೆ ಕಂಕುಳ ಕೆಳಗೆ ಕೈ ಕೊಟ್ಟು ಎತ್ತಿ.

ಪ್ರಶ್ನೆ: ಮೆಣಸು ಕುಯ್ಯುವಾಗ ನಮ್ಮ ಯಜಮಾನರು ಏಣಿಯಿಂದ ಜಾರಿ ಕೈಯೂರಿ ಬಿದ್ದರು. ನೋವು ಮಣಿಕಟ್ಟಿನಲ್ಲಿ, ಮುರಿದದ್ದು ಮುಂಗೈ ಮೂಳೆ ಅಂದರು. ಲೈನ್ ಮನೆಯ ಹುಡುಗನೂ ಹಾಗೇ ಬಿದ್ದ. ಅವನ ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ, ಆದರೂ ಪ್ಲಾಸ್ಟರ್ ಹಾಕಿ ಹತ್ತು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಇದೆಂಥದು? (ಸುಂಟಿಕೊಪ್ಪ)

ಇಬ್ಬರಿಗೂ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಬೀಳುವಾಗ ಯಾರೇ ಆಗಲಿ ಅಂಗೈ ಚಾಚುತ್ತಾರೆ. ಮೈಭಾರವೆಲ್ಲ ಅಂಗೈ ಬುಡಕ್ಕೆ, ಅಲ್ಲಿಂದ ಮಣಿಕಟ್ಟಿನ ಸಣ್ಣ ಮೂಳೆಗಳಿಗೆ, ಅಲ್ಲಿಂದ ಬಹುಪಾಲು ರೇಡಿಯಸ್‌ಗೆ. ಅಲ್ನಾ ಮಣಿಕಟ್ಟಿನ ಮೂಳೆಗಳನ್ನು ನೇರವಾಗಿ ಮುಟ್ಟುವುದೇ ಇಲ್ಲ, ನಡುವೆ ಕಾರ್ಟಿಲೇಜಿನ (ಮೆದು ಮೂಳೆಯ) ಬಿಲ್ಲೆ ಇದೆ. ಹಾಗಾಗಿ ಏಟು ತಿನ್ನುವುದು ರೇಡಿಯಸ್‌ನ ಕೆಳತುದಿ. ಅದು ಮಣಿಕಟ್ಟಿಗೆ ಅಂಟಿಕೊಂಡೇ ಇರುವುದರಿಂದ ನೋವು ಅಲ್ಲೇ ಅನ್ನಿಸುತ್ತದೆ. ಐರ್ಲೆಂಡಿನ ಸರ್ಜನ್ ಅಬ್ರಹಾಂ ಕೋಲೀಸ್ ಈ ಮುರಿತವನ್ನು 1814ರಲ್ಲೇ ಬರೆದಿಟ್ಟಿದ್ದರು. ಎಕ್ಸ್‌ರೇ ಬಂದದ್ದು 1895ರಲ್ಲಿ. ಕೈಯ ಆಕಾರ ನೋಡಿ, ಮುಟ್ಟಿ ಹೇಳಿದ್ದು ಅದು. ಮುಟ್ಟುನಿಂತ ಹೆಂಗಸರಲ್ಲಿ ಮೂಳೆ ಟೊಳ್ಳಾಗಿರುವುದರಿಂದ ಏಣಿಯೇ ಬೇಕಿಲ್ಲ, ಮಳೆಗಾಲದ ಪಾಚಿಗಟ್ಟಿದ ಅಂಗಳ ಸಾಕು.

ಹುಡುಗನದು ಬೇರೆ ಅನುಮಾನ. ಹೆಬ್ಬೆರಳನ್ನು ಮೇಲಕ್ಕೆ ಸೆಟೆದು ಹಿಡಿಯಿರಿ. ಬುಡದಲ್ಲಿ ಎರಡು ಹುರಿಗಳ ನಡುವೆ ಗುಳಿ ಬೀಳುತ್ತದೆ. ಹಿಂದೆ ನಶ್ಯ ಏರಿಸುವವರು ಅಲ್ಲೇ ಚಿಟಿಕೆ ಪುಡಿ ಇಟ್ಟುಕೊಳ್ಳುತ್ತಿದ್ದರು. ಆ ಗುಳಿಯ ತಳದಲ್ಲಿರುವುದು ಸ್ಕ್ಯಾಫಾಯ್ಡ್, ಮಣಿಕಟ್ಟಿನ 8ರಲ್ಲಿ ಅತಿ ಹೆಚ್ಚು ಮುರಿಯುವುದು ಇದೇ. ಅಲ್ಲಿ ಒತ್ತಿದರೆ ನೋವಿದೆ ಅಂದರೆ ಎಕ್ಸ್‌ರೇ ಸುಮ್ಮನಿದ್ದರೂ ಡಾಕ್ಟರು ಸುಮ್ಮನಿರುವುದಿಲ್ಲ. ಕೂದಲೆಳೆಯಷ್ಟು ಬಿರುಕು ಮೊದಲ ದಿನ ಕಾಣದೆ ಹತ್ತು ಹನ್ನೆರಡು ದಿನಕ್ಕೆ ಕಾಣುವುದುಂಟು. ಅಷ್ಟು ಕಾಳಜಿ ಯಾಕೆಂದರೆ ಈ ಮೂಳೆಗೆ ಮುಖ್ಯ ರಕ್ತನಾಳ ಬೆರಳ ಕಡೆಯ ತುದಿಯಿಂದ ಹೊಕ್ಕು ಹಿಮ್ಮುಖವಾಗಿ ಸಾಗುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತುಹೋಗಿ ಅದು ಸಾಯಬಹುದು. ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡವರು ವರ್ಷ ಕಳೆದ ಮೇಲೆ ಹಿಡಿತವಿಲ್ಲದ ಕೈ ತೋರಿಸಲು ಬರುತ್ತಾರೆ. ಹುಡುಗನಿಗೆ ಹೇಳಿ, ಆ ಹತ್ತು ದಿನಕ್ಕೆ ತಪ್ಪದೆ ಹೋಗಲಿ. ಪ್ಲಾಸ್ಟರ್ ಆಗಲಿ, ನಾಟಿ ಕಟ್ಟಾಗಲಿ, ಬೆರಳು ಊದಿ ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ಮಗ ಹಾಕಿ ಆಡುತ್ತಾನೆ. ಬಿದ್ದು ಒಮ್ಮೆ ಭುಜ ಜಾರಿತ್ತು, ಈಗ ಮತ್ತೆ ಜಾರಿದೆ. ಸೊಂಟದ ಕೀಲು ಹೀಗೆ ಜಾರಿದ್ದು ಕೇಳಿಲ್ಲ. ಭುಜಕ್ಕೆ ಮಾತ್ರ ಯಾಕೆ? (ಪೊನ್ನಂಪೇಟೆ)

ಎರಡೂ ಚೆಂಡು ಗುಂಡಿ ಕೀಲೇ, ಗುಂಡಿಯ ಆಳದಲ್ಲಿ ವ್ಯತ್ಯಾಸ. ಸೊಂಟದ್ದು ಬಟ್ಟಲಲ್ಲಿ ಕೂತ ಕಡಂಬುಟ್ಟು (ಅಕ್ಕಿ ಉಂಡೆ), ಭುಜದ್ದು ಸಾಸರ್ ಮೇಲಿಟ್ಟ ಕಡಂಬುಟ್ಟು. ತೋಳಿನ ತಲೆಯಲ್ಲಿ ಮೂರನೇ ಒಂದು ಭಾಗಕ್ಕೂ ಕಡಿಮೆ ಮಾತ್ರ ಆ ಗುಂಡಿಗೆ ತಾಗಿರುತ್ತದೆ, ಉಳಿದದ್ದನ್ನು ಹಿಡಿದಿಡುವುದು ಸ್ನಾಯು, ಲಿಗಮೆಂಟ್. ಅದಕ್ಕೇ ಭುಜ ಎಲ್ಲ ದಿಕ್ಕಿಗೂ ಆಡುತ್ತದೆ. ಸ್ಟಿಕ್ ಬೀಸುವ ಸುಖಕ್ಕೆ ಕೊಡುವ ಬೆಲೆ ಇದು. ಸೊಂಟ ಜಾರಬೇಕಾದರೆ ವಾಹನ ಅಪಘಾತದಂಥ ದೊಡ್ಡ ಏಟು ಬೇಕು.

ಭುಜ ಸಾಮಾನ್ಯವಾಗಿ ಮುಂದಕ್ಕೇ ಜಾರುತ್ತದೆ. ಜಾರುವಾಗ ಗುಂಡಿಯ ಅಂಚಿನ ಕಾರ್ಟಿಲೇಜ್ ಹರಿದರೆ ಮುಂದಿನ ಸಲಕ್ಕೆ ದಾರಿ ಆಯಿತು ಅಂತಲೇ, ಅದರಲ್ಲೂ ಇಪ್ಪತ್ತರ ಆಸುಪಾಸಿನವರಿಗೆ. ಎರಡನೇ ಸಲ ಆಗಿದೆ ಅಂದಮೇಲೆ ಮೂಳೆ ಡಾಕ್ಟರ ಹತ್ತಿರ ಎಂಆರ್‌ಐ ಮತ್ತು ಆಪರೇಷನ್ ಬಗ್ಗೆ ಮಾತಾಡಿ. ಫಿಸಿಯೋ ಬಿಡಿಸಬೇಡಿ. ಮುಂದಿನ ಟೂರ್ನಮೆಂಟ್ ಬಂತು ಅಂತ ಟೇಪ್ ಸುತ್ತಿ ಇಳಿಸುವುದು ಬೇಡ. ಮೈದಾನದಲ್ಲೇ ಎಳೆದು ಕೂರಿಸುವ ಧೈರ್ಯವಂತರನ್ನೂ ದೂರ ಇಡಿ, ಪಕ್ಕದಲ್ಲೇ ನರ ಹಾದುಹೋಗುತ್ತದೆ.

ಪ್ರಶ್ನೆ: ಮಗಳು ದಿನವಿಡೀ ಬೆರಳ ನೆಟಿಗೆ ತೆಗೆಯುತ್ತಾಳೆ. ಸಂಧಿವಾತ ಬರುತ್ತದಾ? (ಕುಶಾಲನಗರ)

ಇಲ್ಲ. ಕೀಲಿನೊಳಗೆ ಜಿಗುಟು ದ್ರವ ಇರುತ್ತದೆ. ಎಳೆದಾಗ ಒತ್ತಡ ಇಳಿದು ಅದರಲ್ಲಿ ಅನಿಲದ ಗುಳ್ಳೆ ಏಳುತ್ತದೆ, ಸದ್ದು ಅದರದೇ. ಮತ್ತೆ ಸದ್ದು ಬರಲು ಸುಮಾರು ಇಪ್ಪತ್ತು ನಿಮಿಷ ಬೇಕು, ಗಮನಿಸಿ ನೋಡಿ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಸುಮಾರು ಐವತ್ತು ವರ್ಷ ಎಡಗೈ ನೆಟಿಗೆ ಮಾತ್ರ ತೆಗೆದು, ಬಲಗೈ ಹಾಗೇ ಬಿಟ್ಟು, ಕೊನೆಗೆ ಎರಡಕ್ಕೂ ವ್ಯತ್ಯಾಸವಿಲ್ಲ ಅಂತ ಬರೆದರು. 2009ರಲ್ಲಿ ಅವರಿಗೆ ನಗಿಸುವ ಸಂಶೋಧನೆಗೆಂದೇ ಇರುವ ಇಗ್ ನೊಬೆಲ್ ಬಂತು. ಒಬ್ಬರ ಕೈ ಲೆಕ್ಕ ಪುರಾವೆ ಆಗುವುದಿಲ್ಲ ನಿಜ, ಆದರೆ ದೊಡ್ಡ ಗುಂಪುಗಳನ್ನು ನೋಡಿದವರಿಗೂ ಸಂಧಿವಾತದ ನಂಟು ಸಿಕ್ಕಿಲ್ಲ. ಸದ್ದಿನ ಜೊತೆ ನೋವು, ಊತ ಇದ್ದರೆ ಮಾತ್ರ ತೋರಿಸಿ. ಉಳಿದಂತೆ ಅದು ನಿಮ್ಮ ಕಿವಿಗೆ ಕಿರಿಕಿರಿ, ಅವಳ ಬೆರಳಿಗಲ್ಲ.