ಕೆಮ್ಮಿದರೆ ಸೋರುತ್ತದೆ, ಯಾವ ಸಾಧನ ಕೊಳ್ಳಲಿ?

ಪ್ರಶ್ನೆ: ನನಗೆ 38 ವರ್ಷ. ಎರಡನೇ ಹೆರಿಗೆಯಾಗಿ ಎರಡು ವರ್ಷವಾಯಿತು. ಕೆಮ್ಮಿದರೆ, ಸೀನಿದರೆ, ಮಗುವನ್ನು ಎತ್ತಿಕೊಂಡರೆ ಮೂತ್ರ ಸೋರುತ್ತದೆ. ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು) ಗಟ್ಟಿ ಮಾಡಲು ಯೋನಿಯೊಳಗೆ ಇಟ್ಟು ಹಿಡಿಯುವ ತೂಕದ ಕೋನ್, ಬಿಗಿತ ಅಳೆದು ಮೊಬೈಲಿನಲ್ಲಿ ತೋರಿಸುವ ಸೆನ್ಸರ್, ಕರೆಂಟ್ ಕೊಡುವ ಯಂತ್ರ, ತೊಡೆಗಳ ನಡುವೆ ಇಟ್ಟು ಒತ್ತುವ ಸ್ಪ್ರಿಂಗ್ ಎಲ್ಲ ಸಿಗುತ್ತವೆ. ಯಾವುದು ಒಳ್ಳೆಯದು?

ಉತ್ತರ: ದುಡ್ಡು ಕೊಡುವ ಮೊದಲು ನಿಮ್ಮ ಬೆರಳಿನಿಂದಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಕೈ ತೊಳೆದು, ಮಂಡಿ ಮಡಚಿ ಅಂಗಾತ ಮಲಗಿ. ಒಂದು ಬೆರಳನ್ನು ಯೋನಿಯೊಳಗೆ ಎರಡು ಗೆಣ್ಣಿನಷ್ಟು ಸೇರಿಸಿ. ಗಾಳಿ ಹೋಗದಂತೆ ತಡೆಯುವಾಗ ಹೇಗೋ ಹಾಗೆ ಹಿಂದಿನಿಂದ ಬಿಗಿದು, ಆ ಬಿಗಿತವನ್ನು ಮುಂದೆ ಮೂತ್ರದ್ವಾರದವರೆಗೆ ಎಳೆದುಕೊಳ್ಳಿ. ಬೆರಳಿನ ಸುತ್ತ ಹಿಡಿತ ಬಿಗಿಯಾಗಿ, ಬೆರಳು ಒಳಕ್ಕೆ ಸೆಳೆದಂತೆ ಆದರೆ ಸರಿಯಾಗಿದೆ. ಹೊರಕ್ಕೆ ದೂಡಿದಂತಾದರೆ ನೀವು ಬಿಗಿಯುತ್ತಿಲ್ಲ, ತಿಣುಕುತ್ತಿದ್ದೀರಿ. ಅದು ಸೋರಿಕೆಯನ್ನು ಹೆಚ್ಚಿಸುವ ದಾರಿ. ಉಸಿರು ಕಟ್ಟುವುದು, ಪೃಷ್ಠ ಬಿಗಿಯುವುದು, ತೊಡೆ ಒತ್ತುವುದು ಇವೂ ಸಾಮಾನ್ಯ ತಪ್ಪುಗಳು. ಹೌದು, ತೊಡೆಯ ಸ್ಪ್ರಿಂಗ್ ಇಲ್ಲೇ ಪಟ್ಟಿಯಿಂದ ಹೊರಬೀಳುತ್ತದೆ: ಅದು ದುಡಿಸುವುದು ಒಳತೊಡೆಯ ಸ್ನಾಯುವನ್ನು, ಮೂತ್ರದ್ವಾರವನ್ನು ಹಿಡಿದಿಡುವ ಸ್ನಾಯುವನ್ನಲ್ಲ.

ಬೆರಳಿಗೆ ಹಿಡಿತ ಸ್ಪಷ್ಟವಾಗಿ ತಿಳಿದರೆ ನಿಮಗೆ ಸಾಧನವೇ ಬೇಕಿಲ್ಲ. ಒಮ್ಮೆಗೆ 8 ಸಲ, ದಿನಕ್ಕೆ 3 ಬಾರಿ ಬಿಗಿಯಿರಿ. ಮೊದಲು 3-4 ಸೆಕೆಂಡು ಹಿಡಿದರೂ ಸಾಕು, ನಿಧಾನಕ್ಕೆ 10 ಸೆಕೆಂಡಿಗೆ ಏರಿಸಿ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಈ ಸಡಿಲ ಬಿಡುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ಕೊನೆಗೆ ಚಕಚಕನೆ 8 ಸಲ ಬಿಗಿದು ಬಿಡಿ. ಕೆಮ್ಮು ಬರುತ್ತಿದೆ ಎನ್ನುವಾಗ, ಮಗುವಿಗೆ ಕೈ ಚಾಚುವಾಗ, ಮೊದಲೇ ಬಿಗಿದುಕೊಳ್ಳಿ. ಇದನ್ನು ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಎರಡು ವಾರಕ್ಕೆ ಗುಣ ಕಾಣಲಿಲ್ಲವೆಂದು ನಿಲ್ಲಿಸಬೇಡಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಮಾತ್ರ ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದೀತು.

ಹಿಡಿತ ಅಸ್ಪಷ್ಟ, ಅಥವಾ ಸರಿ ಮಾಡುತ್ತಿದ್ದೀನೋ ಇಲ್ಲವೋ ಎಂಬ ಅನುಮಾನ ಬಿಡುತ್ತಿಲ್ಲ ಎಂದಾದರೆ ಸೆನ್ಸರ್ ನೆರವಾಗಬಹುದು. ಆದರೆ ಅದು ಎಲ್ಲರಿಗೂ ಹೆಚ್ಚಿನ ಗುಣ ಕೊಡುತ್ತದೆ ಎಂದು ತಿಳಿಯಬೇಡಿ. ಬ್ರಿಟನ್‌ನಲ್ಲಿ 600 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮದ ಜೊತೆ ಸೆನ್ಸರ್ ಬಳಸಿದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ 2 ವರ್ಷದ ನಂತರ ಸೋರಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒತ್ತಡ ಅಳೆಯುವ ಸೆನ್ಸರ್‌ಗೆ ಇನ್ನೊಂದು ದೋಷವಿದೆ. ನೀವು ಕೆಳಕ್ಕೆ ತಿಣುಕಿದರೂ ಒತ್ತಡ ಏರುತ್ತದೆ, ಪರದೆಯ ಮೇಲೆ ಗೆರೆ ಜಿಗಿಯುತ್ತದೆ, ಆ್ಯಪ್ ನಿಮ್ಮನ್ನು ಮೆಚ್ಚುತ್ತದೆ. ಮೊದಲ ದಿನಗಳಲ್ಲಿ ಕೈಗನ್ನಡಿ ಹಿಡಿದು ನೋಡಿ: ಯೋನಿ ಮತ್ತು ಗುದದ್ವಾರದ ನಡುವಿನ ಜಾಗ ಒಳಕ್ಕೆ ಸರಿಯಬೇಕು, ಉಬ್ಬಬಾರದು.

ಬೆರಳಿಗೆ ಏನೂ ತಿಳಿಯದವರಿಗೆ, ಅಂದರೆ ಸ್ವಂತವಾಗಿ ಬಿಗಿಯಲು ಆಗದವರಿಗೆ, ಕರೆಂಟ್ ಯಂತ್ರ. ಕೆಮ್ಮಿದಾಗ ಸೋರುವುದಕ್ಕೆ ಸಾಮಾನ್ಯವಾಗಿ 35-50 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಮಿಡಿತ), ತಡೆಯಲಾಗದ ಅವಸರಕ್ಕೆ 10-20 ಹರ್ಟ್ಸ್ ಇಡುತ್ತಾರೆ. ಇದನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ಹೊಂದಿಸಿಕೊಡಲಿ. ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು.

ಪ್ರಶ್ನೆ: ತೂಕದ ಕೋನ್‌ಗಳ ಸೆಟ್ ತಂದಿದ್ದೇನೆ. ದೊಡ್ಡದು ನಿಂತ ಕೂಡಲೇ ಜಾರುತ್ತದೆ. ಚಿಕ್ಕದು ಏನೂ ಮಾಡದಿದ್ದರೂ ಗಂಟೆಗಟ್ಟಲೆ ಒಳಗೇ ಇರುತ್ತದೆ. ಎಲ್ಲಿ ತಪ್ಪಾಗಿದೆ?

ಉತ್ತರ: ದೊಡ್ಡದನ್ನು ಎತ್ತಿಡಿ. ಎದ್ದು ನಿಂತು ಒಂದು ನಿಮಿಷ ಹಿಡಿದಿಡಬಲ್ಲ ತೂಕದಿಂದ ಶುರು ಮಾಡಿ. ದಿನಕ್ಕೆ ಎರಡು ಬಾರಿ, ಪ್ರತಿ ಸಲ 15 ನಿಮಿಷ ಓಡಾಡುತ್ತಾ ಹಿಡಿಯಲು ಬಂದ ಮೇಲೆ ಮಾತ್ರ ಮುಂದಿನ ತೂಕ. ಏನೂ ಮಾಡದೆ ಒಳಗೇ ಉಳಿದರೆ ಕೋನ್ ಅಡ್ಡಲಾಗಿ ಕೂತಿರಬಹುದು. ಆಗ ಸ್ನಾಯುವಿಗೆ ಕೆಲಸವೇ ಇಲ್ಲ. ತೆಗೆದು, ನೇರವಾಗಿ ಮತ್ತೆ ಇಡಿ. ಗಂಟೆಗಟ್ಟಲೆ ಇಟ್ಟುಕೊಳ್ಳುವುದು ಬೇಡ, ಸ್ನಾಯು ಬಳಲುತ್ತದೆ, ನೋವೂ ಬರಬಹುದು.

ವಸ್ತು ಯಾವುದೆಂದು ನೋಡಿ ಕೊಳ್ಳಿ: ಮೆಡಿಕಲ್ ಗ್ರೇಡ್ ಸಿಲಿಕೋನ್, ಮೇಲ್ಮೈಯಲ್ಲಿ ಜೋಡುಗೆರೆ ಕಡಿಮೆ, ದಾರದ ಬದಲು ಸಿಲಿಕೋನ್ ಬಾಲ. ಹತ್ತಿಯ ದಾರ ತೇವ ಹೀರಿ ಕೊಳೆ ಉಳಿಸಿಕೊಳ್ಳುತ್ತದೆ. ಯೋನಿಯೊಳಗೆ ಇಡಲೆಂದು ಮಾರುವ ಕಲ್ಲಿನ ಮೊಟ್ಟೆಗಳ ಸೂಕ್ಷ್ಮ ರಂಧ್ರಗಳನ್ನು ಪೂರ್ತಿ ತೊಳೆಯಲು ಆಗದು, ಅವನ್ನು ಬಿಟ್ಟುಬಿಡಿ. ಒಳಗಿಡುವಾಗ ಜಾರಲೆಂದು ಹಚ್ಚುವ ಜೆಲ್ ನೀರಿನದ್ದಿರಲಿ, ಸಿಲಿಕೋನ್ ಜೆಲ್ ತಾಗಿದರೆ ಸಿಲಿಕೋನ್ ಸಾಧನದ ಮೇಲ್ಮೈ ಹಾಳಾಗಬಹುದು. ಬಳಸಿದ ಮೇಲೆ ಸೌಮ್ಯ ಸೋಪು, ಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಇಡಿ. ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬೇಡಿ. ಮುಟ್ಟಿನ ದಿನಗಳಲ್ಲಿ, ಸೋಂಕಿದ್ದಾಗ, ಗರ್ಭಿಣಿಯಾಗಿದ್ದಾಗ ಬಳಸಬೇಡಿ. ಹೆರಿಗೆಯ ನಂತರ 6 ವಾರದ ತಪಾಸಣೆ ಮುಗಿದ ಮೇಲಷ್ಟೇ.

ಪ್ರಶ್ನೆ: ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ತಡ, ಮಲಬದ್ಧತೆಯೂ ಇದೆ. ಸ್ನಾಯು ದುರ್ಬಲವಿರಬೇಕು ಎಂದು ಗೆಳತಿ ಕೋನ್ ಬಳಸಲು ಹೇಳಿದ್ದಾಳೆ. ತರಲೇ?

ಉತ್ತರ: ಬೇಡ. ಇವು ಸ್ನಾಯು ಸಡಿಲಾಗಿರುವುದಕ್ಕಿಂತ, ಸದಾ ಬಿಗಿದುಕೊಂಡೇ ಇರುವುದರ ಲಕ್ಷಣಗಳಂತಿವೆ. ಬಿಗಿದ ಸ್ನಾಯುವನ್ನು ಇನ್ನಷ್ಟು ಬಿಗಿದರೆ ನೋವು ಏರುತ್ತದೆ. ಬಿಗಿಯುವ ವ್ಯಾಯಾಮವನ್ನೂ ಸದ್ಯಕ್ಕೆ ನಿಲ್ಲಿಸಿ. ಮಂಡಿ ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆಯಿರಿ. ಕೆಳಗಿನ ಸ್ನಾಯು ತಾನಾಗಿ ಕೆಳಗಿಳಿಯುವುದನ್ನು ಗಮನಿಸಿ, ದಿನಕ್ಕೆ ಎರಡು ಬಾರಿ 5 ನಿಮಿಷ. ಸ್ತ್ರೀರೋಗ ತಜ್ಞರನ್ನು ಕಂಡು, ಪೆಲ್ವಿಕ್ ಫ್ಲೋರ್ ಬಲ್ಲ ಫಿಸಿಯೋಥೆರಪಿಸ್ಟ್ ಬಳಿ ಪರೀಕ್ಷೆ ಮಾಡಿಸಿಕೊಳ್ಳಿ. ಮೂತ್ರದಲ್ಲಿ ರಕ್ತ ಕಂಡರೆ, ಕೆಳಗೆ ಗಡ್ಡೆ ಇಳಿದಂತೆ ಅನಿಸಿದರೆ ಆ ಭೇಟಿಯನ್ನು ಮುಂದೂಡಬೇಡಿ.