ಅವ್ವನ ವಚನದ ಪುಸ್ತಕ ಮತ್ತು ಬೌದ್ಧ ದೃಷ್ಟಿ

ಪ್ರಶ್ನೆ: ಕೆಲವು ವರ್ಷಗಳಿಂದ ನಾವು ಕಲಬುರಗಿಯ ಬುದ್ಧ ವಿಹಾರಕ್ಕೆ ನಡೆದುಕೊಳ್ಳುತ್ತಿದ್ದೇವೆ. ನಮ್ಮ ಅವ್ವ ಮಾತ್ರ ಈಗಲೂ ಸಂಜೆ ವಚನದ ಪುಸ್ತಕ ಓದುತ್ತಾರೆ, ಶ್ರಾವಣದಲ್ಲಿ ಪುರಾಣ ಕೇಳಲು ಹೋಗುತ್ತಾರೆ. ಬೌದ್ಧರ ಮನೆಯಲ್ಲಿ ಬೇರೆ ಧರ್ಮದ ಗ್ರಂಥ ಇರಬಾರದೆಂದು ಬಂಧುಗಳು ಹೇಳುತ್ತಾರೆ. ಬೌದ್ಧರ ದೃಷ್ಟಿಯಲ್ಲಿ ಆ ಗ್ರಂಥಗಳೆಲ್ಲ ಸುಳ್ಳೇ?
– ಓದುಗರೊಬ್ಬರು, ಚಿತ್ತಾಪುರ ತಾಲ್ಲೂಕು

ಉತ್ತರ: ಬೇರೆ ಧರ್ಮದ್ದು ಎಂಬ ಕಾರಣಕ್ಕೆ ಬೌದ್ಧರು ಯಾವ ಗ್ರಂಥವನ್ನೂ ಸುಳ್ಳೆನ್ನಬೇಕಿಲ್ಲ, ಪವಿತ್ರವೆಂಬ ಒಂದೇ ಕಾರಣಕ್ಕೆ ಒಪ್ಪಬೇಕಾಗಿಯೂ ಇಲ್ಲ. ಈ ಎರಡನೆಯ ಮಾತು ಬೌದ್ಧರ ಧರ್ಮಗ್ರಂಥವಾದ ತ್ರಿಪಿಟಕಕ್ಕೂ ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ಬಂಧುಗಳು ಗಮನಿಸಬೇಕು.

ಕೇಸಪುತ್ತ ಎಂಬ ಊರಿನ ಕಾಲಾಮರು ಬುದ್ಧರ ಮುಂದೆ ಇಂಥದೇ ಗೊಂದಲವನ್ನು ಇಟ್ಟಿದ್ದರು. ಬಂದ ಗುರುಗಳೆಲ್ಲ ತಮ್ಮ ಮತವನ್ನು ಹೊಗಳಿ ಪರಮತವನ್ನು ಹಳಿದು ಹೋಗುತ್ತಾರೆ, ನಾವು ಯಾರನ್ನು ನಂಬುವುದು ಎಂದು ಅವರು ಕೇಳಿದರು. ಪರಂಪರೆಯಿಂದ ಬಂದದ್ದೆಂದು, ಗ್ರಂಥದಲ್ಲಿದೆಯೆಂದು, ‘ಈ ಶ್ರಮಣ ನಮ್ಮ ಗುರು’ ಎಂದು ಯಾವುದನ್ನೂ ಒಪ್ಪಬೇಡಿರಿ, ಅದು ಲೋಭ, ದ್ವೇಷ, ಮೋಹಗಳನ್ನು ಬೆಳೆಸಿ ಕೇಡು ತರುತ್ತದೆಯೋ, ಕಳೆದು ಹಿತ ತರುತ್ತದೆಯೋ ಎಂಬುದನ್ನು ನೀವೇ ಕಂಡು ತಿಳಿಯಿರಿ ಎಂಬುದು ಬುದ್ಧರ ಉತ್ತರದ ತಿರುಳು. ಹುಟ್ಟಿನಿಂದ ಯಾರೂ ಕೀಳಲ್ಲವೆನ್ನುವ ವಚನ ಈ ಒರೆಗಲ್ಲಿಗೆ ನಿಲ್ಲುತ್ತದೆ. ಹುಟ್ಟಿನಿಂದಲೇ ಮನುಷ್ಯನನ್ನು ಕೀಳೆನ್ನುವ ಮಾತು, ಯಾವ ಗ್ರಂಥದಲ್ಲಿದ್ದರೂ, ನಿಲ್ಲುವುದಿಲ್ಲ.

ಹಾಗೆಂದು ಎಲ್ಲ ಗ್ರಂಥಗಳೂ ಹೇಳುವುದು ಒಂದೇ ಎಂಬ ಸಮಾಧಾನದ ಮಾತನ್ನು ನಾನು ಆಡಲಾರೆ. ತೇವಿಜ್ಜ ಸುತ್ತವೆಂಬ ಉಪದೇಶದಲ್ಲಿ ಬುದ್ಧರು, ತಾವು ಕಾಣದ ಬ್ರಹ್ಮನ ಬಳಿಗೆ ದಾರಿ ತೋರುತ್ತೇವೆನ್ನುವ ವೇದಪಂಡಿತರನ್ನು ಒಬ್ಬರನ್ನೊಬ್ಬರು ಹಿಡಿದು ಸಾಲಾಗಿ ನಡೆಯುವ ಕುರುಡರಿಗೆ ಹೋಲಿಸುತ್ತಾರೆ. ಇಷ್ಟು ಕಠಿಣವಾಗಿ ಭಿನ್ನಾಭಿಪ್ರಾಯ ಹೇಳಿದವರೇ, ನಿಗಂಠರ (ಜೈನ ಮುನಿಗಳ) ಉಪಾಸಕನಾಗಿದ್ದ ಉಪಾಲಿ ತಮ್ಮ ಶಿಷ್ಯನಾಗಲು ಬಂದಾಗ, ಮೊದಲು ಚೆನ್ನಾಗಿ ಯೋಚಿಸು ಎಂದರು. ಮನೆಗೆ ಬರುವ ನಿಗಂಠರಿಗೆ ಭಿಕ್ಷೆ ನೀಡುವುದನ್ನು ನಿಲ್ಲಿಸಬೇಡ ಎಂದೂ ಹೇಳಿದರು.

ನಿಮ್ಮ ತಾಲ್ಲೂಕಿನಲ್ಲಿಯೇ ಇದಕ್ಕೊಂದು ಕಲ್ಲಿನ ಸಾಕ್ಷಿಯಿದೆ. ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ತಿಳಿದುಬಂತು. ವಿಗ್ರಹವನ್ನು ಕೂರಿಸಲು ನಡುವೆ ಕೊರೆದ ಚೌಕ ಕುಳಿ ಅಕ್ಷರಗಳನ್ನೇ ನುಂಗಿದೆ. ಅದರಲ್ಲಿ ಉಳಿದಿರುವುದರಲ್ಲಿ 12ನೆಯ ಶಿಲಾಶಾಸನದ ಭಾಗವೂ ಸೇರಿದೆ. ಸ್ವಮತದ ಮೇಲಿನ ಮೋಹದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚು ಹಾನಿ ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಎಲ್ಲ ಪಂಥದವರೂ ಬಹುಶ್ರುತರಾಗಬೇಕು ಎಂಬುದು ಆ ಶಾಸನದ ಆಶಯ. ಬೌದ್ಧ ಉಪಾಸಕನಾಗಿದ್ದ ಅರಸನೊಬ್ಬ ಇದನ್ನು ಕಲ್ಲಿನಲ್ಲಿ ಕೊರೆಸಿದ್ದು ನಮ್ಮ ಈ ನೆಲದಲ್ಲಿ ಎಂಬುದು ನನಗೆ ತುಂಬ ದೊಡ್ಡ ಸಂಗತಿ.

ಆದ್ದರಿಂದ ವಚನದ ಪುಸ್ತಕ ಮನೆಯಲ್ಲಿರಲಿ. ಪುರಾಣದ ವಿಷಯ ಸ್ವಲ್ಪ ಬೇರೆ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದಾಗ ಬಾಬಾಸಾಹೇಬ್ ಅಂಬೇಡ್ಕರರು ತಮ್ಮ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳು ಹಳೆಯ ದೇವತೆಗಳ ಮೇಲಿನ ನಂಬಿಕೆಯನ್ನೂ ಪೂಜೆಯನ್ನೂ ಬಿಡುವಂತೆ ಹೇಳುತ್ತವೆ. ಓದುವುದನ್ನಾಗಲಿ ಕೇಳುವುದನ್ನಾಗಲಿ ನಿಷೇಧಿಸುವುದಿಲ್ಲ. ಅವ್ವ ಆ ಪ್ರತಿಜ್ಞೆಗಳನ್ನು ಸ್ವೀಕರಿಸಿದ್ದರೆ, ಪುರಾಣದ ಕಟ್ಟೆಯಲ್ಲಿ ತಾವು ಕೇಳುಗರೋ ಪೂಜಿಸುವವರೋ ಎಂಬುದನ್ನು ಅವರೇ ತೀರ್ಮಾನಿಸಬೇಕು. ಸ್ವೀಕರಿಸಿರದಿದ್ದರೆ ಅವರನ್ನು ತಡೆಯುವ ಅಧಿಕಾರ ನಿಮಗೂ ಇಲ್ಲ, ಬಂಧುಗಳಿಗೂ ಇಲ್ಲ.