ಹೆಸರು ಮುಚ್ಚಿಟ್ಟ ಮುಖ್ಯ ವಿನ್ಯಾಸಕ

ಶಿವಮೊಗ್ಗದ ಓದುಗರೊಬ್ಬರು ಬರೆಯುತ್ತಾರೆ: ‘ಸೋವಿಯತ್ ರಾಕೆಟ್ ಎಂಜಿನಿಯರ್ ಸೆರ್ಗೈ ಕೊರೊಲ್ಯೊವ್ ಅವರ ಹೆಸರನ್ನು ಸರ್ಕಾರ ಮುಚ್ಚಿಟ್ಟದ್ದು ಅನ್ಯಾಯವೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ರಾಕೆಟ್ ಸಾವಿರಾರು ಜನರ ದುಡಿಮೆ. ಒಬ್ಬರ ಹೆಸರು ಹೊರಬರದಿದ್ದರೆ ನಷ್ಟವೇನು?’

ಸಾವಿರಾರು ಜನರ ದುಡಿಮೆ ಎಂಬುದು ನಿಜ. ಶೀತಲ ಸಮರದ ಕಾಲದಲ್ಲಿ ಗೋಪ್ಯತೆಗೂ ಕಾರಣವಿತ್ತು, ಒಪ್ಪಿದೆ. ಆದರೆ ಸ್ವಾಮಿ, ಯಾರ ಹೆಸರು ಮರೆಯಾಯಿತು, ಯಾರದು ಮೆರೆಯಿತು ಎಂಬುದನ್ನೂ ನೋಡಬೇಡವೇ? 1961ರ ಏಪ್ರಿಲ್‌ನಲ್ಲಿ ಮಾಸ್ಕೋದ ಕೆಂಪು ಚೌಕದಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಾನವ ಗಗಾರಿನ್ ಪಕ್ಕ ನಿಂತು ಜನರತ್ತ ಕೈಬೀಸಿದವರು ಸೋವಿಯತ್ ನಾಯಕ ಕ್ರುಶ್ಚೇವ್. ಗಗಾರಿನ್‌ರನ್ನು ಬಾಹ್ಯಾಕಾಶಕ್ಕೆ ಕಳಿಸಿದ ಕೊರೊಲ್ಯೊವ್ ಆ ವೇದಿಕೆಯಲ್ಲಿ ಇರಲಿಲ್ಲ. ರಾಕೆಟ್‌ನ ಎಂಜಿನ್ ರೂಪಿಸಿದ ಗ್ಲುಷ್ಕೊ ಅವರ ಹೆಸರೂ ಜನರಿಗೆ ಗೊತ್ತಿರಲಿಲ್ಲ. ನೀವು ಹೇಳುವ ಆ ಸಾವಿರಾರು ಜನರಿಗೆ ಇದರಿಂದ ದಕ್ಕಿದ್ದೇನು?

ಕೊರೊಲ್ಯೊವ್ ಅವರ ಬದುಕನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 1938ರ ಜೂನ್‌ನಲ್ಲಿ ಸುಳ್ಳು ಆರೋಪದ ಮೇಲೆ ಬಂಧನ, ಹೊಡೆತ, ಹತ್ತು ವರ್ಷದ ಶಿಕ್ಷೆ. ದೇಶದ ಈಶಾನ್ಯ ತುದಿಯ ಕೊಲಿಮಾದ ಚಿನ್ನದ ಗಣಿಯಲ್ಲಿ ಹಸಿವು, ಚಳಿ. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗಕ್ಕೆ ಹಲ್ಲುಗಳು ಉದುರಿದವು. ಮುಂದೆ ಕೈದಿ ಎಂಜಿನಿಯರ್‌ಗಳ ವಿನ್ಯಾಸ ಕಚೇರಿಗೆ ಬಂದು, 1944ರಲ್ಲಿ ಬಿಡುಗಡೆಯಾದರು. ನಿರಪರಾಧಿ ಎಂದು ಸರ್ಕಾರ ಪೂರ್ತಿ ಒಪ್ಪಿಕೊಂಡದ್ದು 1957ರಲ್ಲಿ. ಅದೇ ವರ್ಷ ಅಕ್ಟೋಬರ್ 4ರಂದು ಅವರ ಆರ್-7 ರಾಕೆಟ್ ಜಗತ್ತಿನ ಮೊದಲ ಕೃತಕ ಉಪಗ್ರಹ, 83.6 ಕಿಲೋ ತೂಕದ ಸ್ಪುಟ್ನಿಕ್ ಅನ್ನು ಕಕ್ಷೆಗೇರಿಸಿತು. ತನ್ನನ್ನು ಹಿಂಸಿಸಿದ ದೇಶಕ್ಕೆ ಇಂಥ ಕೀರ್ತಿ ತಂದವರು ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಬರೆಯಬೇಕಾದರೂ ಸೆರ್ಗೆಯೆವ್ ಎಂಬ ಹುಸಿಹೆಸರು ಹಾಕಿಕೊಳ್ಳಬೇಕಿತ್ತು. 1966ರ ಜನವರಿ 14ರಂದು ಶಸ್ತ್ರಚಿಕಿತ್ಸೆಯ ವೇಳೆ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ಆಮೇಲಷ್ಟೇ ಪತ್ರಿಕೆಗಳಲ್ಲಿ ಅವರ ಹೆಸರು, ಭಾವಚಿತ್ರ! ಚಿತಾಭಸ್ಮಕ್ಕೆ ಕ್ರೆಮ್ಲಿನ್ ಗೋಡೆಯಲ್ಲಿ ಗೌರವದ ಜಾಗ. ಸತ್ತವರಿಗೆ ಕೊಟ್ಟ ಈ ಗೌರವ ಬದುಕಿದ್ದಾಗ ಒಂದು ದಿನವಾದರೂ ಸಿಗಬಾರದಿತ್ತೇ?

ನಮ್ಮಲ್ಲಿ ಗೋಪ್ಯತೆಯ ನೆಪವೂ ಇಲ್ಲ. ಯಾವುದೇ ಸೇತುವೆಯ ಉದ್ಘಾಟನಾ ಫಲಕ ಓದಿ: ಮಂತ್ರಿಗಳು, ಶಾಸಕರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ನಕ್ಷೆ ಬರೆದವರು, ಮಳೆಯಲ್ಲಿ ನಿಂತು ಕಂಬ ಎಬ್ಬಿಸಿದವರು ಎಲ್ಲಿ? ವಿಶ್ವೇಶ್ವರಯ್ಯನವರ ಹೆಸರನ್ನು ಮಕ್ಕಳೂ ಹೇಳುತ್ತಾರೆ, ಸಂತೋಷ. ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ನಾಯಕರು ನಮ್ಮ ಉಡುಪಿ ಕಡೆಯ ಯು. ಆರ್. ರಾವ್, ಅವರ ಹೆಸರನ್ನು ಎಷ್ಟು ಮಕ್ಕಳು ಹೇಳುತ್ತಾರೆ? 1975ರಲ್ಲಿ ಆ ಉಪಗ್ರಹ ಹಾರಿದ್ದು ಸೋವಿಯತ್ ದೇಶದ ರಾಕೆಟ್ ಉಡಾವಣಾ ನೆಲೆ ಕಪುಸ್ಟಿನ್ ಯಾರ್‌ನಿಂದ. ಕೊರೊಲ್ಯೊವ್ ತಮ್ಮ ಮೊದಮೊದಲ ರಾಕೆಟ್‌ಗಳನ್ನು ಪರೀಕ್ಷಿಸಿದ ನೆಲ ಅದೇ.

ನಿಮ್ಮಂಥ ಶ್ರದ್ಧೆಯ ಓದುಗರಿಂದ ಒಂದು ಕೆಲಸವಾಗಬೇಕು. ನಿಮ್ಮೂರ ಸೇತುವೆ ಕಟ್ಟಿದ ಎಂಜಿನಿಯರ್ ಯಾರು, ಮೇಸ್ತ್ರಿ ಯಾರು ಎಂದು ವಿಚಾರಿಸಿ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.

— ಸಂ.